ಎಲ್ಗಿನ್ ಮತ್ತು ವಿಂಟರ್ ಗಾರ್ಡನ್ ರಂಗಮಂದಿರಗಳು

ಕೆನಡದ ಆಂಟೇರಿಯೊ ಪ್ರಾಂತಕ್ಕೆ ರಾಜಧಾನಿಯಾದ ಟೊರಾಂಟೊ ನಗರದ ನಡುಮಧ್ಯೆ, ಯಂಗ್ ಬೀದಿಯಲ್ಲಿ, ಒಂದರ ಮೇಲೊಂದಾಗಿ ನೆಲೆಗೊಂಡಿರುವ ಎರಡು ರಂಗಮಂದಿರಗಳ ಜೋಡಿ. ಕೆಳಗಿನದು 1913ರ ಡಿಸೆಂಬರ್ 15ರಂದೂ ಮೇಲಿನದು 1914ರ ಫೆಬ್ರವರಿ 16ರಂದೂ ಆರಂಭವಾದುವು. ವಾಡ್ವಿಲ್ ಎಂಬ ವಿವಿಧವಿನೋದ ಪ್ರದರ್ಶನಕ್ಕಾಗಿ ನಿರ್ಮಿತವಾಗಿ, ಮಾತಿನ ಚಿತ್ರದ ಉದಯದೊಡನೆ ಒಂದು ಸಿನಿಮಾ ಮಂದಿರವಾಗಿ ಮಾರ್ಪಟ್ಟು, ಮತ್ತೊಂದು ಬಾಗಿಲು ಮುಚ್ಚಿ ಅರವತ್ತು ವರ್ಷಗಳ ಮರೆವಿಗೆ ಸಂದು, ಕೊನೆಗೆ ಸರ್ಕಾರದ ಪರಂಪರಾ ಪ್ರತಿಷ್ಠಾನವೊಂದರ ಆಶ್ರಯದಲ್ಲಿ 1989ರಲ್ಲಿ ಎರಡೂ ಪುನರುಜ್ಜೀವನಗೊಂಡುವು. 20ನೆಯ ಶತಮಾನದ ಆದಿಭಾಗದಲ್ಲಿ ಉತ್ತರ ಅಮೆರಿಕದಲ್ಲಿ ಕಟ್ಟಲ್ಪಟ್ಟ ಇಂಥ ಮಹಡಿಜೋಡಿ ರಂಗಮಂದಿರಗಳು ಬೆರಳೆಣಿಕೆಯವು. ಅವುಗಳಲ್ಲಿ ಇಂದಿಗೂ ಎರಡು ರಂಗಗಳ ಮೇಲೂ ದೀಪ ಬೆಳಗುತ್ತಿರುವುದು ಇದೊಂದೇ. 1982ರಲ್ಲಿ ಕೆನಡ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಮಾನ್ಯ ಮಾಡಿತು.

ನಿರ್ಮಾಪಕರು

ಈ ಮಂದಿರಗಳನ್ನು ಕಟ್ಟಿಸಿದವನು ಮಾರ್ಕಸ್ ಲೋ (1870-1927). ನ್ಯೂಯಾರ್ಕಿನ ಬಡ ಯಹೂದಿ ಕುಟುಂಬದಲ್ಲಿ ಜನಿಸಿ, ಬಾಲ್ಯದಲ್ಲಿಯೇ ದುಡಿಮೆಗೆ ಇಳಿದು, ತುಪ್ಪುಳಿನ ಚರ್ಮದ ವ್ಯಾಪಾರ ಮಾಡಿ, ಬಿಡಿಗಾಸಿಗೆ ಚಿತ್ರ ತೋರಿಸುವ ಅಂಗಡಿಗಳಿಂದ ಮೊದಲುಗೊಂಡು ಕ್ರಮೇಣ ಅಮೆರಿಕದ ಬಹುದೊಡ್ಡ ರಂಗಮಂದಿರ ಸರಣಿಯೊಂದಕ್ಕೆ ಒಡೆಯನಾದ ಈತ, ಹೆಚ್ಚು ಹಣ ತೆರಲಾರದ ಜನಕ್ಕೂ ಅರಮನೆಯಂಥ ಮಂದಿರದಲ್ಲಿ ಕುಳಿತು ವಿನೋದ ನೋಡುವ ಭಾಗ್ಯವಿರಬೇಕೆಂಬ ನಂಬಿಕೆಯಿಂದ ವ್ಯಾಪಾರ ನಡೆಸಿದವನು. 1924ರಲ್ಲಿ ಮೂರು ಚಿತ್ರಸಂಸ್ಥೆಗಳನ್ನು ಒಂದುಗೂಡಿಸಿ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯನ್ನು ಹುಟ್ಟುಹಾಕಿದವನೂ ಈತನೇ. ಟೊರಾಂಟೊದ ಮಂದಿರ ಆತನ ಕೆನಡದ ಸರಣಿಗೆ ಮುಕುಟಪ್ರಾಯವಾಗಿತ್ತು. ಆದಕಾರಣವೇ ಕೆಳಗಿನ ಮಂದಿರ ಮೊದಲಿಗೆ ‘ಲೋಸ್ ಯಂಗ್ ಸ್ಟ್ರೀಟ್ ಥಿಯೇಟರ್’ ಎಂದು ಆತನ ಹೆಸರಿನಿಂದಲೇ ಪ್ರಸಿದ್ಧವಾಯಿತು.

ವಾಸ್ತುಶಿಲ್ಪಿ ಥಾಮಸ್ ಲ್ಯಾಂಬ್ ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದವನು. ತನ್ನ ಜೀವಮಾನದಲ್ಲಿ ನೂರಾರು ರಂಗಮಂದಿರ ಮತ್ತು ಚಿತ್ರಮಂದಿರಗಳನ್ನು ರೂಪಿಸಿದ ಈತನ ಕೈವಾಡ ಭಾರತೀಯರಿಗೂ ತೀರ ಅಪರಿಚಿತವಲ್ಲ. ಕಲ್ಕತ್ತೆಯಲ್ಲಿ 1935ರಲ್ಲಿಯೂ ಮುಂಬಯಿಯ ಧೋಬಿತಲಾವಿನಲ್ಲಿ 1938ರಲ್ಲಿಯೂ ತೆರೆದ ಮೆಟ್ರೊ ಚಿತ್ರಮಂದಿರಗಳ ವಿನ್ಯಾಸಕ ಈತನೇ. ಅವುಗಳನ್ನು ಕಟ್ಟಿಸಿದುದು ಲೋ ಸ್ಥಾಪಿಸಿದ ಮೆಟ್ರೊ ಸಂಸ್ಥೆಯೇ. ಉದ್ಯೋಗನಿಮಿತ್ತ ಮುಂಬಯಿಗೆ ಹೋಗಿ ನೆಲೆಸಿ, ಭಾನುವಾರದ ಸಂಜೆ ಮೆಟ್ರೊ ಮಂದಿರದ ಮುಂದೆ ಸಾಲುಗಟ್ಟಿ ನಿಂತ ಹಿಂದಿನ ತಲೆಮಾರಿನ ಕನ್ನಡಿಗನೂ, ಇಂದು ಟೊರಾಂಟೊದ ನೆರೆಯ ಮಿಸಿಸಾಗದಿಂದಲೋ ಬ್ರಾಂಪ್ಟನ್ನಿನಿಂದಲೋ ಯಂಗ್ ಬೀದಿಗೆ ನಾಟಕ ನೋಡಲು ಬರುವ ಆತನ ಮೊಮ್ಮಗಳೂ, ತಮಗರಿಯದಂತೆ ಒಬ್ಬನೇ ಶಿಲ್ಪಿಯ ಸೂರಿನಡಿ ಕುಳಿತಂತಾಯಿತು.

ನಿವೇಶನ ಮತ್ತು ಸ್ವರೂಪ

ಯಂಗ್ ಬೀದಿ ಅಂದಿಗೂ ಇಂದಿಗೂ ಟೊರಾಂಟೊದ ಮುಖ್ಯ ವಾಣಿಜ್ಯ ಬೀದಿ. ಅಲ್ಲಿ ಮುಖಭಾಗದ ಒಂದೊಂದು ಅಡಿಗೂ ವಿಪರೀತ ಬೆಲೆ ತೆರಬೇಕಾಗಿದ್ದುದರಿಂದ, ಬೀದಿಯ ಕಡೆಗೆ ಕಿರಿದಾದ ಪ್ರವೇಶದ್ವಾರವನ್ನಷ್ಟೇ ಇಟ್ಟು, ಅಲ್ಲಿಂದ ಉದ್ದವಾದ ಪಡಸಾಲೆಯೊಂದನ್ನು ಒಳಕ್ಕೆ ಹಾಯಿಸಿ, ಹಿಂಬದಿಯ ವಿಕ್ಟೋರಿಯ ಬೀದಿಯ ಅಗ್ಗದ ನಿವೇಶನದಲ್ಲಿ ಮಂದಿರದ ಮುಖ್ಯ ಶರೀರವನ್ನು ನಿಲ್ಲಿಸಲಾಯಿತು. ಒಂದು ನಿವೇಶನಕ್ಕೆ ತೆತ್ತ ಹಣದಿಂದ ಎರಡು ಮಂದಿರಗಳ ಆದಾಯ ಪಡೆಯಬೇಕೆಂಬ ಲೆಕ್ಕಾಚಾರವೇ ಒಂದರ ಮೇಲೊಂದು ಕಟ್ಟುವ ಯೋಜನೆಗೂ ಮೂಲ. ನ್ಯೂಯಾರ್ಕಿನಲ್ಲಿ ಬೇಸಗೆಯ ರಾತ್ರಿಗಳಲ್ಲಿ ರಂಗಮಂದಿರಗಳ ತಾರಸಿಯ ಮೇಲೆ ತೆರೆದ ತೋಟಗಳನ್ನು ಮಾಡಿ ಅಲ್ಲಿ ಪ್ರದರ್ಶನ ನಡೆಸುವ ಪದ್ಧತಿ ಆಗ ರೂಢಿಯಲ್ಲಿದ್ದಿತು. ಅದೇ ತೋಟಕ್ಕೆ ಮೇಲ್ಛಾವಣಿ ಹೊದಿಸಿ, ಹಿಮ ಸುರಿಯುವ ಟೊರಾಂಟೊದ ಚಳಿಗಾಲದಲ್ಲಿಯೂ ವಸಂತವನ್ನು ನಿಲ್ಲಿಸಿಕೊಂಡರೆ ಅದೇ ‘ವಿಂಟರ್ ಗಾರ್ಡನ್’, ಅರ್ಥಾತ್ ಚಳಿಗಾಲದ ತೋಟ.

ಎರಡು ಮಂದಿರಗಳೂ ಒಂದೇ ಕಟ್ಟಡದೊಳಗೆ ಇದ್ದರೂ ಅವುಗಳ ಸ್ವಭಾವ ಬೇರೆ ಬೇರೆ. 2,149 ಆಸನಗಳಿದ್ದ ಕೆಳಗಿನ ಮಂದಿರ ಪ್ರಾಚೀನ ರೋಮ್ ಸಾಮ್ರಾಜ್ಯದ ವೈಭವವನ್ನು ನೆನಪಿಗೆ ತರುವಂತೆ ಹೊಂಬಣ್ಣದ ಗಾರೆಯ ಕೆತ್ತನೆ, ಪುಟ್ಟ ಗಂಧರ್ವರ ಮೂರ್ತಿಗಳು, ಅಮೃತಶಿಲೆಯೆಂದೇ ಭ್ರಮೆ ಹುಟ್ಟಿಸುವ ಬಣ್ಣದ ಗಾರೆಯ ಕಂಬಗಳು, ಕೆಂಪು ಹೊದಿಕೆಗಳು ಇವುಗಳಿಂದ ಅಲಂಕೃತವಾಗಿದ್ದಿತು. ಏಳು ಅಂತಸ್ತುಗಳಷ್ಟು ಮೇಲಿದ್ದ, 1,410 ಆಸನಗಳ ವಿಂಟರ್ ಗಾರ್ಡನ್ನಿನಲ್ಲಿಯಾದರೋ ಬಂಗಾರದ ಛಾಯೆ ಹಿಂದೆ ಸರಿದು ಎಲ್ಲವೂ ಹಸುರಾಗಿತ್ತು. ಗೋಡೆಗಳ ಮೇಲೆ ಜಲವರ್ಣದಲ್ಲಿ ಕೈಯಿಂದ ಬರೆದ ಹೂಬಳ್ಳಿಗಳು. ಮರದ ಕಾಂಡಗಳಂತೆ ವೇಷ ತೊಟ್ಟ ಕಂಬಗಳು. ತಲೆಯ ಮೇಲೆ ತಂತಿಯ ಜಾಲರಿಗೆ ಹೆಣೆದು ತೂಗುಬಿಟ್ಟ ನಿಜವಾದ ಬೀಚ್ ಮರದ ಎಲೆಗೊಂಚಲುಗಳು. ಅವುಗಳ ನಡುವೆ ಹಣ್ಣುಗಳಂತೆ ತೂಗುವ ಪುಟ್ಟ ಲಾಟೀನುಗಳು. ಹೊರಗೆ ಮೊಣಕಾಲುದ್ದದ ಹಿಮವನ್ನು ತುಳಿದು ಬಂದು, ಲಿಫ್ಟಿನಲ್ಲಿ ಮೇಲೇರಿ, ಬಾಗಿಲು ದಾಟಿದೊಡನೆ ಎಲೆಯ ಚಪ್ಪರದ ಕೆಳಗೆ ನಿಂತ ಪ್ರೇಕ್ಷಕನಿಗೆ, ತೆರೆ ಏಳುವ ಮುನ್ನವೇ ನಾಟಕ ಆರಂಭವಾದಂತಿರುತ್ತಿತ್ತು. ಮದುವೆಯ ಮನೆಯ ಮುಂದೆ ಹಸಿರು ಚಪ್ಪರ ಹಾಕಿ, ಅದರ ಕೆಳಗೆ ಕಾಲಿಟ್ಟವನ ಮನಸ್ಸನ್ನು ದಿನನಿತ್ಯದ ಚಿಂತೆಗಳಿಂದ ಬೇರ್ಪಡಿಸುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಈ ಎಲೆಚಾವಣಿಯ ಉದ್ದೇಶವನ್ನು ವಿವರಿಸಬೇಕಾಗಿಲ್ಲ.

ವಾಡ್ವಿಲ್

ಅಮೆರಿಕ ಮತ್ತು ಕೆನಡಗಳಲ್ಲಿ 19ನೆಯ ಶತಮಾನದ ಕೊನೆಯಿಂದ 1920ರ ದಶಕದವರೆಗೆ ಸಾಮಾನ್ಯ ಜನರ ಮುಖ್ಯ ಮನರಂಜನೆಯಾಗಿದ್ದ ವಾಡ್ವಿಲ್‌ಗೆ ಕಥೆಯಿಲ್ಲ, ನಾಯಕನಿಲ್ಲ, ಅಂಕಗಳಿಲ್ಲ. ಹಾಡು, ಕುಣಿತ, ಹಾಸ್ಯ ಸಂಭಾಷಣೆ, ಜಾದು, ದೊಂಬರಾಟ, ಪಳಗಿಸಿದ ಪ್ರಾಣಿಗಳ ಆಟ, ಮಾತನಾಡುವ ಗೊಂಬೆ ಮೊದಲಾದ ಎಂಟು ಹತ್ತು ಬಿಡಿ ಆಟಗಳು, ಒಂದೊಂದಕ್ಕೂ ಕೆಲವೇ ನಿಮಿಷಗಳ ಕಾಲಾವಕಾಶದಂತೆ, ಒಂದರ ಬೆನ್ನಿಗೊಂದು ರಂಗಕ್ಕೆ ಬಂದು ಹೋಗುತ್ತಿದ್ದುವು. ನಡುವೆ ಕಿರುಚಿತ್ರಗಳನ್ನೂ ತೋರಿಸಲಾಗುತ್ತಿತ್ತು. ಅದೇ ಕಾಲದಲ್ಲಿ ಕರ್ನಾಟಕದಲ್ಲಿ ಉಚ್ಛ್ರಾಯಕ್ಕೆ ಬರುತ್ತಿದ್ದ ಕಂಪನಿ ನಾಟಕಕ್ಕೂ ಇದಕ್ಕೂ ವಸ್ತುವಿನಲ್ಲಿ ಸಾಮ್ಯವಿಲ್ಲವಾದರೂ ಬದುಕಿನ ಕ್ರಮದಲ್ಲಿ ಸಾಮ್ಯ ಬಹಳವಿದೆ. ಊರಿಂದೂರಿಗೆ ಪೆಟ್ಟಿಗೆ ಪರದೆಗಳೊಡನೆ ಸಾಗುವ ಸಂಚಾರ, ಬಾಲ್ಯದಲ್ಲಿಯೇ ಬಣ್ಣ ಹಚ್ಚಿಕೊಂಡು ರಂಗದ ಮೇಲೆಯೇ ವಿದ್ಯೆ ಕಲಿತ ನಟವರ್ಗ, ‘ಒನ್ಸ್ ಮೋರ್’ ಕೂಗನ್ನೋ ಶಿಳ್ಳೆಯನ್ನೋ ಅಂದಂದೇ ಪಡೆದು ಅಂದಂದೇ ತಿದ್ದಿಕೊಳ್ಳುವ ಕಲೆ ಇವೆಲ್ಲವೂ ಎರಡು ಕಡೆಗೂ ಸಮಾನ. ಗುಬ್ಬಿ ಕಂಪನಿಯ ಕ್ಯಾಂಪು ಊರು ಬದಲಿಸುತ್ತಿದ್ದಂತೆಯೇ ಲೋನ ಸರಣಿಯ ಕಲಾವಿದರು ವಾರ ವಾರವೂ ರೈಲು ಹತ್ತಿ ಮುಂದಿನ ನಗರಕ್ಕೆ ಹೊರಡುತ್ತಿದ್ದರು.

ಕೆಳಗಿನ ಮಂದಿರದಲ್ಲಿ ಹಗಲಿನಿಂದ ರಾತ್ರಿಯವರೆಗೆ ಆಟ ಎಡೆಬಿಡದೆ ಸಾಗುತ್ತಿತ್ತು. ಅಗ್ಗದ ಟಿಕೆಟ್ಟು ಕೊಂಡವನು ಯಾವಾಗ ಬೇಕಾದರೂ ಒಳಹೊಕ್ಕು, ತಾನು ಬಂದಾಗ ನಡೆಯುತ್ತಿದ್ದ ಆಟ ಮರಳಿ ಬರುವವರೆಗೆ ಕುಳಿತಿರಬಹುದಾಗಿತ್ತು. ಮೇಲಿನ ವಿಂಟರ್ ಗಾರ್ಡನ್ನಿನಲ್ಲಿ ಸಂಜೆಗೊಂದೇ ಪ್ರದರ್ಶನ; ಆಸನಗಳನ್ನು ಮೊದಲೇ ಕಾಯ್ದಿರಿಸಬೇಕಾಗಿದ್ದಿತು; ದರವೂ ಹೆಚ್ಚು. ಆಟಗಳು ಮಾತ್ರ ಹೆಚ್ಚುಕಡಮೆ ಅವೇ, ಆಟಗಾರರೂ ಅವರೇ. ಹೀಗಾಗಿ ಕೆಳಗಿನ ರಂಗದಲ್ಲಿ ತನ್ನ ಪಾಳಿ ಮುಗಿಸಿದ ಹಾಡುಗಾರ್ತಿ ಏಳು ಅಂತಸ್ತು ಮೇಲೇರಿ, ಅದೇ ಹಾಡನ್ನು ಅದೇ ಉತ್ಸಾಹದಿಂದ, ಆಗತಾನೆ ತನ್ನ ಕಂಠಕ್ಕೆ ಒದಗಿದುದೋ ಎಂಬಂತೆ ಇನ್ನೊಂದು ಸಭೆಗೆ ಹಾಡಬೇಕಾಗುತ್ತಿತ್ತು. ಕೆಳಗಿನವರೂ ಮೇಲಿನವರೂ ತೆತ್ತ ಹಣ ಬೇರೆಯಾದರೂ ಅವರಿಗೆ ದೊರೆತ ಕಲೆ ಒಂದೇ ಆಗಿದ್ದುದು ಈ ಮಂದಿರದ ಚರಿತ್ರೆಯಲ್ಲಿ ಗಮನಾರ್ಹವಾದ ಅಂಶ.

ಪ್ರಸಿದ್ಧ ಕಲಾವಿದರು

ಇಲ್ಲಿಯ ರಂಗವನ್ನೇರಿದ ಅಸಂಖ್ಯಾತ ಕಲಾವಿದರ ಹೆಸರುಗಳನ್ನು ಕಾಲ ಅಳಿಸಿಹಾಕಿದೆ. ಉಳಿದ ಕೆಲವು ಹೆಸರುಗಳು ಮುಂದೆ ರೇಡಿಯೊ, ಚಲನಚಿತ್ರ ಮತ್ತು ಟೆಲಿವಿಷನ್ ಮಾಧ್ಯಮಗಳಲ್ಲಿ ಲೋಕವಿಖ್ಯಾತವಾದುವು. ಜಾರ್ಜ್ ಬರ್ನ್ಸ್ (1896-1996) ಮತ್ತು ಗ್ರೇಸಿ ಆಲೆನ್ ದಂಪತಿಗಳು ಅವರಲ್ಲಿ ಪ್ರಮುಖರು. ಮೊದಮೊದಲು ಇವರ ಜೋಡಿಯಲ್ಲಿ ನಗೆಯ ಮಾತುಗಳೆಲ್ಲ ಬರ್ನ್ಸನ ಪಾಲಿನವು, ಗ್ರೇಸಿಯದು ಪ್ರಶ್ನೆ ಕೇಳುವ ಪಾತ್ರ ಮಾತ್ರ. ಪ್ರೇಕ್ಷಕರು ಆತನ ಉತ್ತರಕ್ಕಿಂತ ಆಕೆಯ ಪ್ರಶ್ನೆಗೇ ಹೆಚ್ಚು ನಗುತ್ತಿರುವುದನ್ನು ಕಂಡ ಬರ್ನ್ಸ್, ಕಿಂಚಿತ್ತೂ ಅಭಿಮಾನಪಡದೆ ನಗೆಯ ಮಾತುಗಳನ್ನೆಲ್ಲ ಆಕೆಗೆ ಒಪ್ಪಿಸಿ ತಾನು ಪ್ರಶ್ನೆ ಕೇಳುವವನಾದನು. ಆ ಒಂದು ನಿರ್ಧಾರದ ಮೇಲೆ ಅವರ ಮುಂದಿನ ಮೂರು ದಶಕಗಳ ಕೀರ್ತಿ ನಿಂತಿತು. ಪತ್ನಿ 1964ರಲ್ಲಿ ತೀರಿಕೊಂಡ ಬಳಿಕವೂ ಕಲಾಜೀವನವನ್ನು ಮುಂದುವರಿಸಿದ ಬರ್ನ್ಸ್, ತನ್ನ ಎಂಬತ್ತನೆಯ ವಯಸ್ಸಿನಲ್ಲಿ ಆಸ್ಕರ್ ಪ್ರಶಸ್ತಿ ಪಡೆದದ್ದು ‘ದಿ ಸನ್‌ಶೈನ್ ಬಾಯ್ಸ್’ (1975) ಚಿತ್ರದಲ್ಲಿ ಮುದಿ ವಾಡ್ವಿಲ್ ನಟನ ಪಾತ್ರವನ್ನು ಅಭಿನಯಿಸಿದುದಕ್ಕಾಗಿ.

ಗಂಭೀರವೂ ಧಾರಾಳವೂ ಆದ ಕಂಠಕ್ಕೆ ಹೆಸರಾದ ಸೋಫಿ ಟಕರ್ ಶೈಶವದಲ್ಲಿಯೇ ತಂದೆತಾಯಿಯರೊಡನೆ ರಷ್ಯನ್ ಸಾಮ್ರಾಜ್ಯದಿಂದ ಅಮೆರಿಕಕ್ಕೆ ಬಂದವಳು. ಹಾರ್ಟ್‌ಫರ್ಡ್ ನಗರದಲ್ಲಿ ಅವರು ನಡೆಸುತ್ತಿದ್ದ ಊಟದ ಹೋಟೆಲಿನಲ್ಲಿ ಗಿರಾಕಿಗಳಿಗೆ ಬಡಿಸುತ್ತ ಹಾಡಿದ್ದೇ ಆಕೆಯ ಸಂಗೀತಾಭ್ಯಾಸ. ಆಕೆಯ ಜೀವಮಾನದ ಗುರುತಾದ ‘ಸಮ್ ಆಫ್ ದೀಸ್ ಡೇಸ್’ ಗೀತೆಯ ರಚನಕಾರ ಷೆಲ್ಟನ್ ಬ್ರೂಕ್ಸ್, ಆಂಟೇರಿಯೊ ಪ್ರಾಂತದ ಆಮ್ಹರ್ಸ್ಟ್‌ಬರ್ಗಿನಲ್ಲಿ ಹುಟ್ಟಿದ ಕರಿಯ ಕಲಾವಿದನೆಂಬುದು ಇಲ್ಲಿ ಸ್ಮರಣೀಯ. ಬಾಲನಟನಾಗಿ ರಂಗಕ್ಕಿಳಿದ ಮಿಲ್ಟನ್ ಬರ್ಲ್, 1948ರಿಂದ ಅಮೆರಿಕದ ಟೆಲಿವಿಷನ್ನಿನಲ್ಲಿ ತನ್ನ ಹಾಸ್ಯಕಾರ್ಯಕ್ರಮ ಆರಂಭಿಸಿದಾಗ, ಅದನ್ನು ನೋಡುವ ಸಲುವಾಗಿಯೇ ಮನೆಮನೆಗಳವರು ಟೆಲಿವಿಷನ್ ಪೆಟ್ಟಿಗೆಗಳನ್ನು ಕೊಂಡರೆಂಬ ಖ್ಯಾತಿ ಪಡೆದನು; ಅಲ್ಲಿ ಆತ ಬಳಸಿದ ವೇಷ, ಚೇಷ್ಟೆ, ಹಾಸ್ಯಚಾತುರ್ಯಗಳೆಲ್ಲ ವಾಡ್ವಿಲ್ ರಂಗದ ಮೇಲೆ ಸಂಪಾದಿಸಿದುವೇ. ಚಾರ್ಲಿ ಮೆಕಾರ್ಥಿ ಎಂಬ ಮಾತನಾಡುವ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತುಟಿ ಅಲುಗದಂತೆ ಅದರಿಂದ ಮಾತಾಡಿಸುತ್ತಿದ್ದ ಎಡ್ಗರ್ ಬರ್ಗೆನ್, ಗೊಂಬೆಯ ಮುಖವೇ ಕಾಣದ ರೇಡಿಯೊದಲ್ಲಿಯೂ ಅದನ್ನು ಜೀವಂತ ವ್ಯಕ್ತಿಯೆಂದು ಜನರು ನಂಬುವಂತೆ ಮಾಡಿದ ಅಸಾಧಾರಣ ಕಲಾವಿದ. 1938ರಲ್ಲಿ ಆತನಿಗೆ ಕೊಡಲಾದ ವಿಶೇಷ ಆಸ್ಕರ್ ಪ್ರಶಸ್ತಿಯನ್ನು, ಗೊಂಬೆಗೂ ಮರ್ಯಾದೆ ಸಲ್ಲುವಂತೆ, ಬಾಯಿ ಅಲುಗುವ ಮರದ ಮೂರ್ತಿಯಾಗಿ ಕಡೆಯಲಾಗಿತ್ತು.

ಮುಚ್ಚಿದ ಬಾಗಿಲು

1927ರಲ್ಲಿ ‘ದಿ ಜಾಸ್ ಸಿಂಗರ್’ ಚಿತ್ರದೊಡನೆ ಬೆಳ್ಳಿತೆರೆಗೆ ಮಾತು ಬಂದಿತು. ಆ ವೇಳೆಗಾಗಲೇ ಕ್ಷೀಣಿಸುತ್ತಿದ್ದ ವಾಡ್ವಿಲ್‌ಗೆ ಇದು ದೊಡ್ಡ ಪೆಟ್ಟಾಯಿತು. ಹತ್ತು ತಂಡಗಳಿಗೆ ವಾರವಾರವೂ ಸಂಬಳ ಕೊಡುವುದಕ್ಕಿಂತ ಒಂದು ಚಿತ್ರದ ಸುರುಳಿಗಳನ್ನು ತರಿಸುವುದು ಮಂದಿರದ ಒಡೆಯರಿಗೆ ಸುಲಭವಾಗಿ ಕಂಡಿತು. 1928ರಲ್ಲಿ ವಿಂಟರ್ ಗಾರ್ಡನ್ನಿನ ಬಾಗಿಲು ಮುಚ್ಚಿತು. ಕೆಳಗಿನ ಮಂದಿರ ಮಾತಿನ ಚಿತ್ರಗಳಿಗೆ ಸಜ್ಜಾಗಿ, ಹಲವು ದಶಕಗಳ ಕಾಲ ಚಿತ್ರಮಂದಿರವಾಗಿಯೇ ನಡೆದು, ಒಡೆತನವನ್ನೂ ಹೆಸರನ್ನೂ ಬದಲಿಸಿಕೊಂಡು, 1970ರ ದಶಕದಲ್ಲಿ ‘ಎಲ್ಗಿನ್’ ಎಂಬ ಈಗಿನ ಹೆಸರನ್ನು ಪಡೆಯಿತು. ಹಳೆಯ ಹೊಂಬಣ್ಣದ ಮೇಲೆ ಬಣ್ಣದ ಪದರಗಳು ಒಂದಾದ ಮೇಲೊಂದು ಬಳಿಯಲ್ಪಟ್ಟುವು. ಆ ವೈಭವ ಮಂಕಾಯಿತು.

ಆದರೆ ಕೆಳಗಿನ ಮಂದಿರ ದುಡಿಯುತ್ತಿದ್ದುದರಿಂದಲೇ ಕಟ್ಟಡವನ್ನು ಕೆಡವುವ ಪ್ರಮೇಯ ಒದಗಲಿಲ್ಲ; ಮೇಲಿನ ಮಂದಿರದಿಂದ ಯಾರಿಗೂ ಏನೂ ಪ್ರಯೋಜನವಿಲ್ಲದಿದ್ದುದರಿಂದಲೇ ಅದನ್ನು ಯಾರೂ ಮುಟ್ಟಲಿಲ್ಲ. ಟೊರಾಂಟೊದ ಅದೆಷ್ಟೋ ಹಳೆಯ ರಂಗಮಂದಿರಗಳು ನೆಲಸಮವಾಗಿ ಅವುಗಳ ಜಾಗದಲ್ಲಿ ಕಚೇರಿಗಳೂ ವಾಹನ ನಿಲ್ದಾಣಗಳೂ ಎದ್ದ ಆ ಅರ್ಧಶತಮಾನದಲ್ಲಿ, ಏಳು ಅಂತಸ್ತುಗಳ ಮೇಲೆ ಕತ್ತಲಲ್ಲಿ ಬೀಚ್ ಎಲೆಗಳು ಒಣಗಿ, ಧೂಳು ಹೊತ್ತು, ತೂಗಿದ್ದಲ್ಲಿಯೇ ತೂಗಿದುವು. ನೇಪಥ್ಯದಲ್ಲಿ ಪರದೆಗಳು ನಿಲ್ಲಿಸಿದ್ದಲ್ಲಿಯೇ ನಿಂತಿದ್ದುವು. ಸಾಮಾನ್ಯವಾಗಿ ಕಲೆಗೆ ಶತ್ರುವೆನಿಸುವ ಅನಾದರ ಇಲ್ಲಿ ಕಾವಲುಗಾರನ ಕೆಲಸ ಮಾಡಿತು.

ಜೀರ್ಣೋದ್ಧಾರ

1981ರಲ್ಲಿ ಪ್ರಾಂತಸರ್ಕಾರದ ಅಂಗಸಂಸ್ಥೆಯಾದ ಆಂಟೇರಿಯೊ ಪರಂಪರಾ ಪ್ರತಿಷ್ಠಾನ ಕಟ್ಟಡವನ್ನು ಕೊಂಡುಕೊಂಡಿತು. 1985ರಿಂದ ಸುಮಾರು ಎರಡು ವರ್ಷಗಳ ಕಾಲ ಕೆಳಗಿನ ಮಂದಿರದಲ್ಲಿ ‘ಕ್ಯಾಟ್ಸ್’ ಎಂಬ ಸಂಗೀತ ನಾಟಕ ತುಂಬಿದ ಸಭೆಗಳ ಮುಂದೆ ನಡೆದು, ಈ ಹಳೆಯ ರಂಗ ಮತ್ತೆ ಜನರನ್ನು ಸೆಳೆಯಬಲ್ಲುದೆಂಬುದನ್ನು ಸಾಬೀತುಪಡಿಸಿತು. ತರುವಾಯ 1987ರಲ್ಲಿ ವಾಸ್ತುಶಿಲ್ಪಿ ಮ್ಯಾಂಡೆಲ್ ಸ್ಪ್ರಾಕ್‌ಮನ್ ಅವರ ನೇತೃತ್ವದಲ್ಲಿ ಆರಂಭವಾದ ಜೀರ್ಣೋದ್ಧಾರ ಕಾರ್ಯ 2.9 ಕೋಟಿ ಡಾಲರ್ ವೆಚ್ಚದಲ್ಲಿ ಮುಗಿದು, 1989ರ ಡಿಸೆಂಬರ್ 15ರಂದು, ಮೊದಲ ಪ್ರದರ್ಶನವಾಗಿ ಸರಿಯಾಗಿ 76 ವರ್ಷಗಳು ತುಂಬಿದ ದಿನ, ಮಂದಿರಗಳು ಪುನಃ ತೆರೆದುವು.

ಈ ಕಾರ್ಯದ ಕೆಲವು ವಿವರಗಳು ಕುಶಲಕರ್ಮಿಗಳ ಶ್ರದ್ಧೆಗೆ ಸಾಕ್ಷಿಯಾಗಿವೆ. ಕೆಳಗಿನ ಮಂದಿರದಲ್ಲಿ ಬಣ್ಣದ ಪದರಗಳನ್ನು ಒಂದೊಂದಾಗಿ ಕಿತ್ತು ಮೂಲವನ್ನು ಕಂಡುಹಿಡಿದು, ಗಾರೆಯ ಕೆತ್ತನೆಗಳಿಗೆ ಉಸಿರು ತಗುಲಿದರೂ ಹಾರಿಹೋಗುವಷ್ಟು ತೆಳುವಾದ ಅಲ್ಯೂಮಿನಿಯಮ್ ರೇಕುಗಳನ್ನು ಲಕ್ಷಗಟ್ಟಲೆ ಅಂಟಿಸಿ ಹೊಳಪು ತರಲಾಯಿತು. ಮೇಲಿನ ಮಂದಿರದ ಸಮಸ್ಯೆ ಬೇರೆಯದು. ಗೋಡೆಯ ಚಿತ್ರಗಳು ಜಲವರ್ಣದವಾದುದರಿಂದ ಅರವತ್ತು ವರ್ಷಗಳ ಕೊಳೆಯನ್ನು ತೊಳೆಯಲು ಹನಿ ನೀರು ಸೋಕಿದರೂ ಹೂವುಗಳೇ ಕರಗಿ ಇಳಿಯುತ್ತಿದ್ದುವು. ಕಡೆಗೆ ರೊಟ್ಟಿ ಮಾಡುವ ಹಸಿ ಹಿಟ್ಟಿನ ಕಣಕದ ಉಂಡೆಗಳನ್ನು ಕಟ್ಟಿ, ಅವುಗಳನ್ನು ಗೋಡೆಯ ಮೇಲೆ ಮೃದುವಾಗಿ ಉರುಳಿಸಿ ಒತ್ತಿ, ಕೊಳೆ ಹತ್ತಿದಂತೆಲ್ಲ ನಾದಿ ಮಡಿಸಿ, ಅಂಗೈಯಗಲ ಅಂಗೈಯಗಲವಾಗಿ ಚಿತ್ರಗಳನ್ನು ಬೆಳಗಿಸಲಾಯಿತು. ಈ ಕೆಲಸಕ್ಕೆ ಸುಮಾರು 175 ಕಿಲೋಗ್ರಾಮ್ ಕಣಕ ಬೇಕಾಯಿತು. ಒಣಗಿ ಪುಡಿಯಾಗುತ್ತಿದ್ದ ಚಾವಣಿಯ ಎಲೆಗಳಿಗೆ ಬದಲಾಗಿ 5,000ಕ್ಕೂ ಹೆಚ್ಚು ಬೀಚ್ ಕೊಂಬೆಗಳನ್ನು ಕಡಿದು ತಂದು, ಕೆಡದಂತೆಯೂ ಬೆಂಕಿ ಹಿಡಿಯದಂತೆಯೂ ಸಂಸ್ಕರಿಸಿ, ಬಣ್ಣ ಕೊಟ್ಟು, ಮತ್ತೆ ಜಾಲರಿಗೆ ಹೆಣೆಯಲಾಯಿತು. ಕಾಗದದ ಅಥವಾ ಬಟ್ಟೆಯ ಎಲೆಗಳಿಂದ ಕೆಲಸ ಸಾಗಿಸಬಹುದಾಗಿದ್ದರೂ, ಮೊದಲಿನವರು ನಿಜವಾದ ಎಲೆಗಳನ್ನು ತೂಗಿಸಿದ್ದರೆಂಬ ಒಂದೇ ಕಾರಣಕ್ಕಾಗಿ ಇವರೂ ನಿಜವಾದುವನ್ನೇ ತೂಗಿಸಿದರು. ವಿಂಟರ್ ಗಾರ್ಡನ್ನಿಗೆ ಬೇಕಾದ ಹಳೆಯ ಮಾದರಿಯ ಕುರ್ಚಿಗಳು ಷಿಕಾಗೊ ನಗರದ ಬಯೋಗ್ರಾಫ್ ಮಂದಿರದಿಂದ ಬಂದುವು.

ರಂಗದ ಪರದೆಗಳು

ಜೀರ್ಣೋದ್ಧಾರದ ಕಾಲದಲ್ಲಿ ವಿಂಟರ್ ಗಾರ್ಡನ್ನಿನಲ್ಲಿ ದೊರೆತ ವಾಡ್ವಿಲ್ ಕಾಲದ ಚಿತ್ರಿತ ಪರದೆಗಳು ಮತ್ತು ಪಕ್ಕದ ಹಲಗೆಗಳು ಜಗತ್ತಿನಲ್ಲಿ ಈ ಬಗೆಯ ಉಳಿದ ಸಂಗ್ರಹಗಳಲ್ಲೆಲ್ಲ ಅತ್ಯಂತ ದೊಡ್ಡದೆನಿಸಿವೆ. ಈಜಿಪ್ಟಿನ ಅಲಂಕರಣಗಳನ್ನೊಳಗೊಂಡ ‘ಸ್ಕೆರಬ್’ ದೃಶ್ಯವೂ ‘ಚಿಟ್ಟೆ’ ದೃಶ್ಯವೂ ಅವುಗಳಲ್ಲಿ ಪ್ರಸಿದ್ಧವಾದುವು. ರಂಗಭೂಮಿಯ ಚರಿತ್ರೆಯಲ್ಲಿ ನಾಟಕದ ಮಾತು ಗ್ರಂಥವಾಗಿ ಉಳಿಯುತ್ತದೆ, ಹಾಡು ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಯುತ್ತದೆ, ನಟನ ಮುಖ ಛಾಯಾಚಿತ್ರಗಳಲ್ಲಿ ಉಳಿಯುತ್ತದೆ. ಪ್ರೇಕ್ಷಕನ ಕಣ್ಣೆದುರು ಎಲ್ಲಕ್ಕಿಂತ ಮೊದಲು ತೆರೆದುಕೊಳ್ಳುತ್ತಿದ್ದ ಪರದೆ ಮಾತ್ರ ಹರಿಯುವ ತನಕ ದುಡಿದು ನಾಶವಾಗುತ್ತದೆ. ನಮ್ಮ ಕಂಪನಿಗಳ ಕಾಡಿನ ಪರದೆ, ದರ್ಬಾರಿನ ಪರದೆ, ಬೀದಿಯ ಪರದೆಗಳು ಎಷ್ಟೋ ಊರುಗಳ ಮಳೆ ಗಾಳಿಗಳಿಗೆ ಸಿಕ್ಕಿ, ಕಂಪನಿ ಮುಚ್ಚಿದಾಗ ಸಾಲಗಾರರ ಪಾಲಾಗಿಯೋ ಗೋದಾಮಿನಲ್ಲಿ ಗೆದ್ದಲಿನ ಪಾಲಾಗಿಯೋ ಹೋದುವು. ಆನೆ ಕುದುರೆಗಳನ್ನು ರಂಗದ ಮೇಲೆ ತಂದ ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದ ವೈಭವವನ್ನು ಇಂದು ನಾವು ಹಿರಿಯರ ಬಾಯಿಂದ ಕೇಳಿ ಊಹಿಸಿಕೊಳ್ಳಬೇಕಾಗಿದೆ. ಆ ನಷ್ಟವನ್ನು ಬಲ್ಲ ಕನ್ನಡಿಗನು ಟೊರಾಂಟೊದ ಈ ಪರದೆಗಳ ಮುಂದೆ ನಿಂತಾಗ ಅವುಗಳ ಬೆಲೆಯನ್ನು ಇತರರಿಗಿಂತ ಒಂದು ಹಿಡಿ ಹೆಚ್ಚಾಗಿಯೇ ಅರಿಯುತ್ತಾನೆ.

ಇಂದಿನ ಸ್ಥಿತಿ

ಇಂದು ಕೆಳಗಿನ ಎಲ್ಗಿನ್‌ನಲ್ಲಿ ಸುಮಾರು 1,500, ಮೇಲಿನ ವಿಂಟರ್ ಗಾರ್ಡನ್ನಿನಲ್ಲಿ ಸುಮಾರು 1,000 ಆಸನಗಳಿವೆ. 1992ರಲ್ಲಿ ಡಾನಿ ಆಸ್ಮಂಡ್ ನಾಯಕನಾಗಿ ಅಭಿನಯಿಸಿದ, ಬೈಬಲಿನ ಜೋಸೆಫನ ಕಥೆಯ ಸಂಗೀತ ನಾಟಕ ಇಲ್ಲಿ ಬಹು ಜನಪ್ರಿಯವಾಯಿತು. ಫ್ರಾನ್ಸ್ ಇಟಲಿಗಳ ಹಳೆಯ ಗೀತನಾಟಕಗಳನ್ನು ಪ್ರಾಚೀನ ಅಭಿನಯಕ್ರಮದಲ್ಲಿ ಆಡುವ ಆಪೆರಾ ಆಟೆಲಿಯೆ ತಂಡವೂ, ಕ್ರಿಸ್ಮಸ್ ಕಾಲದಲ್ಲಿ ಮಕ್ಕಳಿಗಾಗಿ ರಾಸ್ ಪೆಟಿಯವರು ವರ್ಷವರ್ಷವೂ ಪ್ರದರ್ಶಿಸಿದ ವಿನೋದನಾಟಕಗಳೂ ಎಲ್ಗಿನ್ ರಂಗದೊಡನೆ ದೀರ್ಘಕಾಲ ಸಂಬಂಧ ಹೊಂದಿದುವು. ಟೊರಾಂಟೊ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಕಾಲದಲ್ಲಿ ಎರಡು ಮಂದಿರಗಳಲ್ಲಿಯೂ ಚಿತ್ರಗಳು ನಡೆದಿವೆ. ಗಿಯೆರ್ಮೊ ದೆಲ್ ತೋರೊ ನಿರ್ದೇಶಿಸಿದ ‘ದಿ ಶೇಪ್ ಆಫ್ ವಾಟರ್’ (2017) ಚಿತ್ರದಲ್ಲಿ ಕಾಣುವ ಹಳೆಯ ಚಿತ್ರಮಂದಿರದ ಒಳಾಂಗಣ ಎಲ್ಗಿನ್‌ದೇ; ಉತ್ಸವದಲ್ಲಿ ಆ ಚಿತ್ರ ಇದೇ ಮಂದಿರದಲ್ಲಿ ಪ್ರದರ್ಶಿತವಾದಾಗ, ತೆರೆಯ ಮೇಲಿನ ಸಭಾಂಗಣವನ್ನು ಪ್ರೇಕ್ಷಕರು ಅದೇ ಸಭಾಂಗಣದಲ್ಲಿ ಕುಳಿತು ನೋಡಿದರು. ರಂಗದ ಅನ್ನವನ್ನು ಕಿತ್ತುಕೊಂಡ ಚಲನಚಿತ್ರ, ಎಂಬತ್ತೊಂಬತ್ತು ವರ್ಷಗಳ ಬಳಿಕ ಅದೇ ರಂಗಕ್ಕೆ ಅತಿಥಿಯಾಗಿ ಬಂದು ಗೌರವ ಸಲ್ಲಿಸಿದ ಸಂದರ್ಭವದು.

ಸಮೀಪದ ಷೂಟರ್ ಬೀದಿಯ ಮ್ಯಾಸಿ ಹಾಲ್ (1894), ಕಿಂಗ್ ಬೀದಿಯ ರಾಯಲ್ ಅಲೆಗ್ಸಾಂಡ್ರ ರಂಗಮಂದಿರ (1907), ಲ್ಯಾಂಬನೇ ಕಟ್ಟಿದ ಪಂತಾಜಸ್ (1920, ಈಗಿನ ಎಡ್ ಮರ್ವಿಷ್) ಇವುಗಳೊಡನೆ ಸೇರಿ ಎಲ್ಗಿನ್ ಮತ್ತು ವಿಂಟರ್ ಗಾರ್ಡನ್ ಟೊರಾಂಟೊವನ್ನು ಉತ್ತರ ಅಮೆರಿಕದ ಪ್ರಮುಖ ರಂಗನಗರಗಳಲ್ಲೊಂದಾಗಿಸಿವೆ. ಅವುಗಳಲ್ಲಿ ಇದಕ್ಕಿರುವ ವೈಶಿಷ್ಟ್ಯ ಗಾತ್ರದ್ದಲ್ಲ, ವೈಭವದ್ದೂ ಅಲ್ಲ. ಮರೆವು ಒಂದು ಮಂದಿರವನ್ನು ಅಳಿಯದಂತೆ ಕಾಯಬಲ್ಲುದು, ಆದರೆ ಬದುಕಿಸಲಾರದು. ಕೀಲಿ ತೆರೆದು ಒಳಹೊಕ್ಕ ಒಂದು ತಲೆಮಾರಿನ ಜನ, ಅಲ್ಲಿ ಕಂಡುದನ್ನು ವಸ್ತುಸಂಗ್ರಹಾಲಯದ ಗಾಜಿನೊಳಗಿಡದೆ ರಂಗಕ್ಕೇ ಒಪ್ಪಿಸಿದುದರಿಂದ ಇದು ಬದುಕಿತು. ಈಗಲೂ ಕಾವಲುಗಾರರು ಕೈಯಿಂದ ನಡೆಸುವ ಹಳೆಯ ಲಿಫ್ಟಿನಲ್ಲಿ ಏಳು ಅಂತಸ್ತು ಏರಿ, ವಿಂಟರ್ ಗಾರ್ಡನ್ನಿನ ಎಲೆಚಾವಣಿಯ ಕೆಳಗೆ ಕುಳಿತು ತೆರೆ ಏಳುವುದನ್ನು ಕಾಯುವ ಪ್ರೇಕ್ಷಕನಿಗೆ ಕಾಣುವುದು 1914ರ ಫೆಬ್ರವರಿಯ ಆ ಮೊದಲ ಸಂಜೆಯ ಜನರು ಕಂಡ ತೋಟವೇ; ಲಾಟೀನುಗಳು ಮೆಲ್ಲಗೆ ಮಂಕಾದಾಗ ಆವರಿಸುವ ನಿಶ್ಶಬ್ದವೂ ಅದೇ.